ನಾಲ್ಕನೆಯ ದಿಂಬು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದರೆ, ಸರಿಯಾಗಿ ಆ ಹೊತ್ತಿಗೆ ನಾನು ಗಡಿಯಾರ ನೋಡಿಕೊಂಡು ಹೆಂಡತಿಯ ಮೇಲೆ ರೇಗಿದ್ದೆ. ಸಿಯಾಟಲ್ ಹತ್ತಿರದ ಟಕ್ವಿಲಾದ ಮಾಲ್‌ನಲ್ಲಿ ಮೆಟ್ಟಿಲು ಹತ್ತಿ ಮುಗಿಸಿದ ನಾನು ಮೇಲೆ ನಿಂತಿದ್ದೆ. ಶೈಲಾ ಅರ್ಧ ದಾರಿಯಲ್ಲಿ ಕಂಬಿ ಹಿಡಿದು ನಿಂತಿದ್ದಳು. 'ಬೇಗ ಬಾರೇ, ಹನ್ನೊಂದೂ ಇಪ್ಪತ್ತಾಯ್ತು. ಊಟಕ್ಕೆ ಮನೆ ಸೇರೋ ಯೋಚನೆ ಇದೆಯೋ ಇಲ್ವೋ?' ಎಂದೆ. ಅವಳು ತಲೆ ಎತ್ತಿ ನೋಡಿದಳು, ಉತ್ತರ ಕೊಡಲಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ನನ್ನ ಮಾತಿಗೆ ಅವಳಿಂದ ಉತ್ತರ ಬಾರದೇ ಇದ್ದದ್ದು ಅದೇ ಮೊದಲು. ಆಮೇಲೆ ಪಂಕ್ತಿಯಲ್ಲಿ ಊಟಕ್ಕೆ ಕೂರುವವಳ ಹಾಗೆ ಮೆಲ್ಲಗೆ ಮೆಟ್ಟಿಲ ಮೇಲೆ ಕೂತಳು. ನಾನು ಇಳಿದು ಹತ್ತಿರ ಹೋದಾಗ ಅವಳ ತುಟಿ ನೇರಳೆ ಹಣ್ಣು ತಿಂದ ಮಕ್ಕಳ ತುಟಿಯ ಬಣ್ಣಕ್ಕೆ ತಿರುಗಿತ್ತು.

ಇದೆಲ್ಲ ಈಗ ಯಾಕೆ ನೆನಪಾಯಿತು ಎಂದರೆ, ಕಳೆದ ವಾರ ಶೈಲಾ ಹೇಳಿದಳೆಂದು ಬಟ್ಟೆಯ ಬೀರು ಖಾಲಿ ಮಾಡುವಾಗ ಮೇಲಿನ ಅರೆಯಿಂದ ಒಂದು ಕೆಂಪು ದಿಂಬು ನನ್ನ ತಲೆಯ ಮೇಲೆ ಬಿತ್ತು. ಹೃದಯದ ಆಕಾರದ್ದು. ನೋಡಿದವರು ಯಾರೋ ಪ್ರೇಮಿಗಳು ಕೊಟ್ಟುಕೊಂಡದ್ದು ಎಂದುಕೊಳ್ಳಬೇಕು. ಕೊಟ್ಟವರು ಆಸ್ಪತ್ರೆಯವರು. ಅದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತವನು ಏಳಲು ಒಂದು ಗಂಟೆ ಹಿಡಿಯಿತು. ಬೀರು ಇನ್ನೂ ಹಾಗೇ ಬಾಯಿ ತೆರೆದುಕೊಂಡಿದೆ.

ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ದಿಂಬಿಗೆ ಒಂದು ಮರ್ಯಾದೆ ಇತ್ತು. ಬೇಸಿಗೆ ರಜದಲ್ಲಿ ಹತ್ತಿ ಹಿಂಜುವವನು ಆಳೆತ್ತರದ ಬಿಲ್ಲು ಹೆಗಲಿಗೇರಿಸಿ, ಅದರ ತಂತಿಯನ್ನು ಡೊಂಯ್ ಡೊಂಯ್ ಎಂದು ಮೀಟುತ್ತ ಬೀದಿಗೆ ಬರುತ್ತಿದ್ದ. ಅಮ್ಮ ಹಳೆಯ ದಿಂಬುಗಳ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಅವನ ಮುಂದೆ ಸುರಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಮನೆಯವರೆಲ್ಲರ ಹುಬ್ಬು ನರೆತಿರುತ್ತಿತ್ತು, ಮೂಗಿನ ತುಂಬ ಹತ್ತಿ. ಐದು ಜನ, ಐದು ದಿಂಬು. ನೆಂಟರು ಬಂದರೆ ಮಕ್ಕಳ ದಿಂಬು ಅವರ ಪಾಲು, ನಮಗೆ ಮಡಿಸಿದ ಟವೆಲು. ದಿಂಬಿನ ಮೇಲೆ ಕೂತರೆ ಕುರು ಏಳುತ್ತದೆ ಎಂದು ಅಮ್ಮ ಹೆದರಿಸುತ್ತಿದ್ದಳು. ಎರಡು ದಿಂಬು ಇಟ್ಟುಕೊಂಡು ಮಲಗುವವರು ನಮ್ಮ ಲೆಕ್ಕದಲ್ಲಿ ಜಮೀನ್ದಾರರು, ಇಲ್ಲವೇ ಬಸುರಿಯರು.

ಆದ್ದರಿಂದ ಶೈಲಾ ಎರಡನೆಯ ದಿಂಬು ಕೇಳಿದಾಗ ನಾನು, 'ಏನು, ಮಹಾರಾಣಿಯವರಿಗೆ ಒಂದು ಸಾಲದೋ?' ಎಂದು ನಕ್ಕಿದ್ದೆ. ಕೆಲವು ತಿಂಗಳ ನಂತರ ಮೂರನೆಯದು ಬಂತು. ಅಡ್ಡಾದರೆ ಉಸಿರು ಕಟ್ಟಿದಂತಾಗುತ್ತದೆ ಎಂದಿದ್ದಳು. 'ತೂಕ ಜಾಸ್ತಿಯಾಗಿದೆ, ದಿನಾ ವಾಕಿಂಗ್ ಮಾಡು' ಎಂದು ನಾನು ವೈದ್ಯನಾಗಿದ್ದೆ. ಅವಳು ಪಾಪ, ಮಾಡಿದ್ದಳು.

ಆಂಬುಲೆನ್ಸಿನವರು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಬಂದ ಡಾಕ್ಟರ್, ವಯಸ್ಸಾದ ಹೆಂಗಸು, ಮೊದಲು ಕೇಳಿದ್ದು ಒಂದೇ ಪ್ರಶ್ನೆ: ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ? ಶೈಲಾ ಆಕ್ಸಿಜನ್ ನಳಿಗೆಯ ಹಿಂದಿನಿಂದ ಮೂರು ಬೆರಳು ತೋರಿಸಿದಳು. ಡಾಕ್ಟರ್ ತಲೆಯಾಡಿಸಿ ಬರೆದುಕೊಂಡರು. ಎದೆಯಲ್ಲಿ ನೀರು ತುಂಬುತ್ತಿರುವವರು ಹೀಗೆ ಒಂದೊಂದೇ ದಿಂಬು ಏರುತ್ತ ಹೋಗುತ್ತಾರಂತೆ. ಎರಡು ವರ್ಷ ನನ್ನ ಪಕ್ಕದಲ್ಲೇ, ನನ್ನ ಕಣ್ಣೆದುರೇ ರೋಗ ತನ್ನನ್ನು ತಾನು ಎಣಿಸಿಕೊಂಡು ಹೇಳುತ್ತಿತ್ತು. ನಾನು ಮಹಾರಾಣಿ ಎಂದು ತಮಾಷೆ ಮಾಡುತ್ತಿದ್ದೆ.

ಮರುದಿನ ಇನ್ನೊಂದು ಪ್ರಶ್ನೆ. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೇ? ಜ್ವರ, ಇಂಜೆಕ್ಷನ್ ಶೈಲಾಳಿಗೆ ನೆನಪಿತ್ತು, ಯಾತಕ್ಕೆಂದು ಗೊತ್ತಿರಲಿಲ್ಲ. ತುಮಕೂರಿಗೆ ಫೋನ್ ಮಾಡಿ ಅತ್ತೆಯನ್ನು ಕೇಳಿದೆ.

'ಬಂದಿತ್ತು ಅಳಿಯಂದ್ರೇ' ಎಂದರು. 'ಆರನೇ ಕ್ಲಾಸಲ್ಲಿ. ಮಂಡಿ ಊದ್ಕೊಂಡು ಮೂರು ತಿಂಗಳು ಸ್ಕೂಲಿಗೆ ಹೋಗಿರ್ಲಿಲ್ಲ. ಹಾರ್ಟಿಗೆ ಸ್ವಲ್ಪ ತಾಗಿದೆ, ಮೂರು ವಾರಕ್ಕೊಂದು ಇಂಜೆಕ್ಷನ್ ತಪ್ಪಿಸ್ಬೇಡಿ ಅಂದಿದ್ರು ಡಾಕ್ಟ್ರು.'

'ಮತ್ತೆ?'

'ಪಿಯುಸಿ ಮುಗಿಯೋ ಹೊತ್ತಿಗೆ ಗಂಡು ನೋಡೋಕೆ ಶುರು ಮಾಡಿದ್ರು ಅವರಪ್ಪ. ಹುಡುಗಿ ಆಸ್ಪತ್ರೆಗೆ ಹೋಗಿ ಬರೋದು ನಾಲ್ಕು ಜನದ ಕಣ್ಣಿಗೆ ಬಿದ್ರೆ... ನಿಲ್ಸಿಬಿಟ್ವಿ. ಅವಳಿಗೆ ಹಾರ್ಟಿನ ವಿಷ್ಯ ಹೇಳ್ಲೇ ಇಲ್ಲ. ನಿಮ್ಮನೇಲಿ ಬಾಯಿ ತಪ್ಪಿ ಹೇಳಿಬಿಟ್ಟಾಳು ಅಂತ.' ಆಮೇಲೆ ಅವರು ಅತ್ತರು. ನನಗೆ ಸಿಟ್ಟು ಬರಬೇಕಿತ್ತು. ಆಸ್ಪತ್ರೆಯ ಕುರ್ಚಿಯಲ್ಲಿ ಇಡೀ ರಾತ್ರಿ ಕಳೆದವನಿಗೆ ಸಿಟ್ಟಿಗೂ ತ್ರಾಣ ಇರಲಿಲ್ಲ. 'ಆಯ್ತು ಬಿಡಿ ಅತ್ತೆ' ಎಂದೆ.

ಆ ಜ್ವರದಿಂದಲೇ ಹೃದಯದ ಎಡಭಾಗದ ಕವಾಟ ಸುಣ್ಣಗಟ್ಟಿ, ಕಿಷ್ಕಿಂಧೆಯಂತೆ ಕಿರಿದಾಗಿತ್ತು. ಅದನ್ನು ತೆಗೆದು ಲೋಹದ ಹೊಸ ಕವಾಟ ಕೂರಿಸಬೇಕು. ನಲವತ್ತರ ಪ್ರಾಯದವಳಿಗೆ ಅದು ಬಹುಕಾಲ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ತೆಗೆದುಕೊಳ್ಳಬೇಕು. ಎರಡು ವಾರ ಬಿಟ್ಟು ದಿನ ಗೊತ್ತುಮಾಡಿ ಮನೆಗೆ ಕಳಿಸಿದರು.

ಮನೆಗೆ ಬಂದ ಸಂಜೆಯೇ ಶೈಲಾ, 'ಯಾರಿಗೂ ಹೇಳ್ಬೇಡಿ' ಎಂದಳು.

'ಯಾಕೆ?'

'ಹಾರ್ಟು ಅಂದ್ರೆ ನಾಳೆ ಸಿಂಚನಾ ಮದುವೆಗೂ ಅದೇ ಮಾತು ಬರುತ್ತೆ.'

'ಅವಳಿಗೆ ಹನ್ನೆರಡು ವರ್ಷ ಕಣೇ. ಅದೂ ಅಲ್ದೆ ಇದು ಮಕ್ಕಳಿಗೆ ಬರೋ ಕಾಯಿಲೆ ಅಲ್ಲ ಅಂದ್ರಲ್ಲ ಡಾಕ್ಟ್ರು.'

'ಅದನ್ನ ಒಬ್ಬೊಬ್ಬರ ಮನೆಗೂ ಹೋಗಿ ಕೂತು ವಿವರಿಸ್ತೀರಾ? ಗಾಲ್ ಬ್ಲಾಡರಲ್ಲಿ ಕಲ್ಲು ಅನ್ನೋಣ. ಅದು ಎಲ್ಲರಿಗೂ ಆಗುತ್ತೆ, ಯಾರೂ ಏನೂ ಕೇಳಲ್ಲ.'

ತಾಯಿ ಮುಚ್ಚಿಟ್ಟದ್ದರಿಂದಲೇ ಈ ಸ್ಥಿತಿಗೆ ಬಂದವಳು ಮಗಳಿಗಾಗಿ ಮತ್ತೆ ಮುಚ್ಚಿಡಲು ಹೊರಟಿದ್ದಳು. ವಾದ ಮಾಡಬಹುದಿತ್ತು. ಮೂರು ದಿಂಬಿಗೆ ಒರಗಿ ಏದುಸಿರು ಬಿಡುತ್ತಿರುವವಳ ಜೊತೆ ಯಾರು ವಾದ ಮಾಡುತ್ತಾರೆ? ನಮ್ಮ ಬಾಥೆಲ್‌ನ ಕನ್ನಡದವರಿಗೆಲ್ಲ ಕಲ್ಲು ಎಂದೇ ಸುದ್ದಿ ಹೋಯಿತು.

ಆ ಎರಡು ವಾರ ತಯಾರಿಯಲ್ಲೇ ಕಳೆಯಿತು. ಬಾಯಿಯ ಸೋಂಕು ಹೃದಯಕ್ಕೆ ಇಳಿಯಬಾರದೆಂದು ದಂತವೈದ್ಯರು ಒಂದು ಹುಳುಕು ಹಲ್ಲು ಕಿತ್ತರು. ಆಪರೇಷನ್ನಿನ ಹಿಂದಿನ ದಿನ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದರು. ಬಳೆ, ಕಾಲುಂಗುರ, ಓಲೆ ಬಂದವು. ಮೂಗುಬೊಟ್ಟು ಬರಲಿಲ್ಲ. ಹೈಸ್ಕೂಲಿನಲ್ಲಿ ಚುಚ್ಚಿಸಿದ್ದು, ಒಮ್ಮೆಯೂ ಬಿಚ್ಚಿರಲಿಲ್ಲ, ತಿರುಪು ಕಚ್ಚಿಕೊಂಡಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಸಿಂಚನಾ ಟಾರ್ಚು ಹಿಡಿದು, ನಾನು ಅಕ್ಕಸಾಲಿಗನಂತೆ ಕಣ್ಣು ಕಿರಿದು ಮಾಡಿ ಅರ್ಧ ಗಂಟೆ ಒದ್ದಾಡಿದ ಮೇಲೆ ಟಪ್ಪೆಂದು ಅಂಗೈಗೆ ಬಿತ್ತು. ಅವಳ ಮೂಗಿನ ಮೇಲೆ ಒಂದು ಸಣ್ಣ ತೂತು ಉಳಿಯಿತು. ಕವಾಟ, ಗರಗಸ, ಎದೆಮೂಳೆ ಎಂದೆಲ್ಲ ಕೇಳುವಾಗ ಆಗದಿದ್ದ ಹೆದರಿಕೆ ನನಗೆ ಆ ತೂತು ನೋಡಿದಾಗ ಆಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ತಾಳಿಯ ಸರ ಬಿಚ್ಚಿ ನನ್ನ ಕೈಗೆ ಕೊಟ್ಟಳು. 'ಎಲ್ಲಾದ್ರೂ ಇಟ್ಟು ಮರೀಬೇಡಿ' ಎಂದಳು. ಅದು ನ್ಯಾಯವಾದ ಮಾತು. ಕನ್ನಡಕವನ್ನು ಫ್ರಿಜ್ಜಿನಲ್ಲಿ ಇಟ್ಟು ಹುಡುಕುವವನು ನಾನು. ಅವಳನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ, ಜೇಬನ್ನು ನಂಬದೆ, ಸರವನ್ನು ನನ್ನ ಕುತ್ತಿಗೆಗೇ ಹಾಕಿಕೊಂಡು ಸ್ವೆಟರಿನ ಒಳಗೆ ಬಿಟ್ಟುಕೊಂಡೆ. ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಅದರಲ್ಲಿ ಹನ್ನೊಂದು ಮೀನು. ಐದೂವರೆ ಗಂಟೆ ಎಣಿಸಿದರೂ ಹನ್ನೊಂದೇ. ಸರ್ಜನ್ ಹೊರಗೆ ಬಂದು ಎಲ್ಲ ಸರಿಯಾಯಿತು ಎನ್ನುವಾಗ ಅವರ ಕಣ್ಣು ನನ್ನ ಕಾಲರಿನಿಂದ ಹೊರಗೆ ಇಣುಕುತ್ತಿದ್ದ ಕರಿಮಣಿಯ ಮೇಲೆ ಇತ್ತು. ಇದು ನಿಮ್ಮ ಸಂಪ್ರದಾಯವೇ ಎಂದು ಕೇಳಿದರು. ಹೌದು, ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಗಂಡಸರು ಹಾಕಿಕೊಳ್ಳುತ್ತಾರೆ ಎಂದೆ. ಆ ದಿನಗಳಲ್ಲಿ ಸುಳ್ಳು ನನ್ನ ನಾಲಗೆಯ ಮೇಲೆ ಸಿದ್ಧವಾಗಿಯೇ ಇರುತ್ತಿತ್ತು.

ಮೂರನೆಯ ದಿನ ಈ ಕೆಂಪು ದಿಂಬು ಬಂತು. ಸೀಳಿ ತಂತಿಯಿಂದ ಹೊಲಿದ ಎದೆಮೂಳೆ ಕೂಡಿಕೊಳ್ಳುವವರೆಗೆ, ಕೆಮ್ಮು ಬಂದರೆ ಇದನ್ನು ಎದೆಗೆ ಬಿಗಿಯಾಗಿ ಅಪ್ಪಿಕೊಳ್ಳಬೇಕು. ಸೀನಿದರೂ ದಿಂಬು, ನಕ್ಕರೂ ದಿಂಬು. ಕಾರಿನಲ್ಲಿ ಸೀಟ್‌ಬೆಲ್ಟಿಗೂ ಎದೆಗೂ ನಡುವೆ ದಿಂಬು. ಹಾಲಿನ ಗ್ಯಾಲನ್ ಡಬ್ಬಿಗಿಂತ ಭಾರ ಎತ್ತುವಂತಿಲ್ಲ. ಕೈ ತಲೆಯ ಮೇಲೆ ಹೋಗುವಂತಿಲ್ಲ, ಅಂದರೆ ಜಡೆ ಹೆಣೆಯುವ ಕೆಲಸ ನನ್ನದು. ನಾನು ಹಾಕಿದ ಜಡೆ ಎಡಗಿವಿಯ ಹಿಂದೆ ಶುರುವಾಗಿ ಬಲಭುಜದ ಮೇಲೆ ಮುಗಿಯುತ್ತಿತ್ತು. ಸಿಂಚನಾ ಅದರ ಫೋಟೋ ತೆಗೆದು ಅಮ್ಮನಿಗೆ ತೋರಿಸಿದಳು. 'ನಗಿಸ್ಬೇಡ ಕಣೇ, ಎದೆ ಬಿರಿಯುತ್ತೆ' ಎಂದು ಶೈಲಾ ದಿಂಬು ಅಪ್ಪಿಕೊಂಡು ಕಣ್ಣೀರು ಹಾಕಿದಳು. ಮೊದಲು ಅದು ನಗು, ಆಮೇಲೆ ಅಳು. ಆ ತಿಂಗಳೆಲ್ಲ ಹಾಗೇ, ಒಂದರ ಹಿಂದೆ ಇನ್ನೊಂದು.

ಹೊಸ ಕವಾಟಕ್ಕೆ ಸದ್ದಿತ್ತು. ಕೈಗಡಿಯಾರದಂತೆ ಟಿಕ್ ಟಿಕ್. ಹಾಲ್‌ನಲ್ಲಿದ್ದ ಒರಗು ಕುರ್ಚಿಯಲ್ಲೇ ಅವಳ ನಿದ್ದೆ, ಪಕ್ಕದ ಸೋಫಾದಲ್ಲಿ ನನ್ನದು. ನಿದ್ದೆ ಎನ್ನುವುದು ಮಾತಿಗೆ. ಟಿಕ್ ಕೇಳಿದರೆ ಅದು ತಪ್ಪುತ್ತದೆಯೋ ಎಂದು ಎಣಿಸುತ್ತ ಎಚ್ಚರ, ಅವಳು ಮಗ್ಗುಲು ಬದಲಿಸಲು ಒದ್ದಾಡಿ ಸದ್ದು ಮರೆಯಾದರೆ ಎದ್ದು ಕೂತು ಎಚ್ಚರ. ಅವಳಿಗೂ ಅಷ್ಟೇ. 'ನನ್ನೊಳಗೆ ಯಾರೋ ಕೂತು ಟೈಪ್ ಮಾಡ್ತಿದಾರೆ ಅನ್ಸುತ್ತೆ ಕಣ್ರೀ' ಎಂದಳು ಒಮ್ಮೆ.

ಇಷ್ಟರ ನಡುವೆ ಕಲ್ಲಿನ ನಾಟಕವನ್ನೂ ಆಡಬೇಕಿತ್ತು. ಎರಡು ಬೀದಿ ಆಚೆಯ ಗಾಯತ್ರಿಯಕ್ಕ ನಮ್ಮೆಲ್ಲರಿಗಿಂತ ಹತ್ತು ವರ್ಷ ದೊಡ್ಡವರು. ಯಾರ ಮನೆಯಲ್ಲಿ ಹೆರಿಗೆಯಾದರೂ, ಕಾಲು ಮುರಿದರೂ ಊಟದ ಪಾಳಿ ಹಚ್ಚುವವರು ಅವರೇ. ಅವರು ನೋಡಲು ಬಂದ ದಿನ ಶೈಲಾ ಕುತ್ತಿಗೆ ಮುಚ್ಚುವ ಸ್ವೆಟರ್ ತೊಟ್ಟು, ಟಿಕ್ ಕೇಳಿಸದಿರಲೆಂದು ನನ್ನಿಂದ ಟೀವಿ ಹಾಕಿಸಿದಳು. ಕೆಮ್ಮು ಬಂದಾಗ ಅಭ್ಯಾಸದಂತೆ ದಿಂಬನ್ನು ಎದೆಗೆ ಒಯ್ದವಳು ನೆನಪಾಗಿ ಸರಕ್ಕನೆ ಹೊಟ್ಟೆಗೆ ಇಳಿಸಿದಳು. ಆ ನೋವಿನಲ್ಲಿ ಅವಳ ಮುಖ ಕಂಡು ಗಾಯತ್ರಿಯಕ್ಕ, 'ಅಯ್ಯೋ, ಕಲ್ಲು ಅಂದ್ರೆ ಸುಮ್ನೆನಾ? ನನ್ನ ನಾದಿನಿಗೂ ಹಿಂಗೇ ಆಗಿತ್ತು. ಎಣ್ಣೆ, ತುಪ್ಪ ಮುಟ್ಟಕೂಡ್ದು. ನೀವೇನೂ ಅಡುಗೆ ಮಾಡ್ಬೇಡಿ, ನಾವಿದೀವಿ' ಎಂದರು.

ಪಾಳಿ ಶುರುವಾಯಿತು. ಎಣ್ಣೆಯಿಲ್ಲದ, ರಕ್ತಕ್ಕೆ ಒಳ್ಳೆಯದಾದ ಅಡುಗೆ ಎಂದರೆ ನಮ್ಮವರಿಗೆ ಇನ್ನೇನು? ಸೊಪ್ಪು. ಸೋಮವಾರ ಗಾಯತ್ರಿಯಕ್ಕನ ದಂಟಿನ ಸೊಪ್ಪಿನ ಬಸ್ಸಾರು. ಮಂಗಳವಾರ ಮೆಂತ್ಯದ ಸೊಪ್ಪಿನ ಹುಳಿ. ಡುವಾಲ್‌ನಿಂದ ಒಬ್ಬರು ಅಷ್ಟು ದೂರ ಕಾರು ಓಡಿಸಿಕೊಂಡು ಬಂದು ನುಗ್ಗೆಸೊಪ್ಪಿನ ಪಲ್ಯ ಕೊಟ್ಟುಹೋದರು. ಹಲ್ಲುಜ್ಜುವುದೂ ಆಯಾಸ ಎನ್ನುತ್ತಿದ್ದ ಶೈಲಾ ಬಸ್ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡಳು. ನನಗೆ ಜೀವ ಬಂದಂತಾಯಿತು.

ಇಲ್ಲಿ ನನ್ನ ಉದ್ಯೋಗವನ್ನು ಹೇಳಿಬಿಡಬೇಕು. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಒಂದು ಕಾಗದ ಇರುತ್ತದಲ್ಲ, ನೀವು ಬಿಚ್ಚದೆ ಎಸೆಯುವುದು, ಅದರ ತಪ್ಪು ತಿದ್ದುವುದು ನನ್ನ ಕೆಲಸ. ಹಸಿರು ಸೊಪ್ಪು ಶೈಲಾಳ ರಕ್ತದ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ ಎಂದು ಆಸ್ಪತ್ರೆಯವರು ಒಂದು ಪಟ್ಟಿ ಕೊಟ್ಟಿದ್ದರು. ಅದನ್ನು ಫ್ರಿಜ್ಜಿಗೆ ಅಂಟಿಸಿ ದಿನವೂ ಓದುತ್ತಿದ್ದೆ. ಕೇಲ್, ಪಾಲಕ್, ಬ್ರಾಕೊಲಿ. ಯಾರೋ ಪಾಲಕ್ ಕೊಟ್ಟಾಗ ಅವಳಿಗೆ ಮುಟ್ಟಿಸದೆ ಪೂರ್ತಿ ನಾನೇ ತಿಂದು ನನ್ನ ಜಾಗರೂಕತೆಯನ್ನು ನಾನೇ ಮೆಚ್ಚಿಕೊಂಡೆ. ದಂಟು, ಮೆಂತ್ಯ, ನುಗ್ಗೆ ಪಟ್ಟಿಯಲ್ಲಿ ಇರಲಿಲ್ಲ. ಬಸ್ಸಾರಂತೂ ಸಾರು, ಸೊಪ್ಪು ಅದರಲ್ಲಿ ಎಲ್ಲಿದೆ? ಪಟ್ಟಿ ಬರೆದವರು ತುಮಕೂರಿನವರಲ್ಲ ಎಂಬುದು ಇಷ್ಟು ಓದಿದವನಿಗೆ ಹೊಳೆಯಲಿಲ್ಲ.

ಹತ್ತು ದಿನದ ನಂತರ ರಕ್ತ ಪರೀಕ್ಷೆ. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬುದಕ್ಕೆ ಒಂದು ಅಂಕಿ ಇದೆ. ಅವಳಿಗೆ ಅದು ಎರಡೂವರೆಗಿಂತ ಮೇಲಿರಬೇಕು. ಬಂದದ್ದು ಒಂದೂವರೆ. ನರ್ಸ್ ನಗುವುದನ್ನು ನಿಲ್ಲಿಸಿದರು. ಏನು ತಿಂದರು ಎಂದು ಕೇಳಿದರು. ನಾನು ಹೇಳುತ್ತ ಹೋದೆ, ಅವರು ಫೋನಿನಲ್ಲಿ ಒಂದೊಂದೇ ಸೊಪ್ಪಿನ ಚಿತ್ರ ಹುಡುಕಿ ನನಗೆ ತೋರಿಸುತ್ತ ಹೋದರು. ಎಲ್ಲವೂ ಹಸಿರಾಗಿದ್ದವು. ಮಾತ್ರೆ ಹೆಚ್ಚಿಸಿದರು, ದಿನಕ್ಕೆ ಎರಡು ಸಲ ಹೊಟ್ಟೆಗೆ ಚುಚ್ಚಲು ಇಂಜೆಕ್ಷನ್ ಕೊಟ್ಟರು. ಕೊನೆಗೆ, ಕವಾಟದ ಸದ್ದು ಮಂಕಾದರೆ ಅಥವಾ ನಿಂತರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿದೆ ಎಂದು ಅರ್ಥ, ಒಂದು ನಿಮಿಷವೂ ಕಾಯಬೇಡಿ ಎಂದರು.

ಕಾರು ಮನೆಯ ಹತ್ತಿರ ಬಂದಾಗ ಶೈಲಾ, 'ಅವರಿಗೆ ನಿಜ ಹೇಳಿದ್ರೆ ಸೊಪ್ಪು ತರ್ತಿರ್ಲಿಲ್ಲ ಅಲ್ವಾ?' ಎಂದಳು. 'ಅವರದೇನು ತಪ್ಪು, ತಿನ್ನಿಸಿದ್ದು ನಾನು' ಎಂದೆ. ಆದರೂ ಆ ಸಂಜೆ ಗಾಯತ್ರಿಯಕ್ಕನಿಗೆ ಫೋನ್ ಮಾಡಿ, ಇನ್ನು ಊಟ ಬೇಡ, ನಾನೇ ಅಡುಗೆ ಮಾಡುತ್ತೇನೆ ಎಂದಷ್ಟೇ ಹೇಳಿದೆ. 'ಓ, ನಮ್ಮನೆ ಅಡುಗೆ ಹಿಡಿಸ್ಲಿಲ್ಲ ಅನ್ಸುತ್ತೆ. ಆಯ್ತಪ್ಪ' ಎಂದು ಇಟ್ಟುಬಿಟ್ಟರು.

ಆಮೇಲಿನ ದಿನಗಳು ನನಗೆ ಬಿಡಿಬಿಡಿಯಾಗಿ ಮಾತ್ರ ನೆನಪಿವೆ. ಕಿವಿಯೊಂದನ್ನು ಬಿಟ್ಟು ನನ್ನ ಮೈಯ ಬೇರೆ ಯಾವ ಅಂಗವೂ ಕೆಲಸ ಮಾಡುತ್ತಿರಲಿಲ್ಲ. ಈ ನಡುವೆ ನನಗೆ ನೆಗಡಿಯೂ ಬಂತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ದೂರದಲ್ಲೇ ಇದ್ದೆ. ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಶೈಲಾ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಳು. ಇಂಜೆಕ್ಷನ್ ಕೊಡಲು ಹತ್ತಿರ ಬಗ್ಗಿದೆ. ಸದ್ದಿಲ್ಲ.

ಇನ್ನೂ ಬಗ್ಗಿದೆ. ಇಲ್ಲ. ಸ್ವೆಟರಿಗೆ ಕಿವಿ ಇಟ್ಟೆ. ಬಾವಿಯ ತಳದಲ್ಲಿ ಕೂತ ಹಾಗೆ, ಏನೂ ಇಲ್ಲ.

ಅವಳ ಭುಜ ಹಿಡಿದು ಅಲುಗಿಸಿದೆ. 'ಏಳು, ಏಳೇ, ನಿಂತುಹೋಗಿದೆ!' ಕಾರಿನ ಕೀ ಸಿಗಲಿಲ್ಲ. ಒಂದು ಕಾಲಿಗೆ ನನ್ನ ಶೂ, ಇನ್ನೊಂದಕ್ಕೆ ಅವಳ ಚಪ್ಪಲಿ. ನರ್ಸಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಸದ್ದು ನಿಂತಿದೆ ಎಂದು ಕೂಗಿದೆ. ಅವರು ಸಮಾಧಾನವಾಗಿಯೇ ಕೇಳಿದರಂತೆ: ನಿಮ್ಮ ಹೆಂಡತಿಗೆ ಕೇಳಿಸುತ್ತಿದೆಯೇ? ಆ ಪ್ರಶ್ನೆ ನನಗೆ ಕೇಳಿಸಲಿಲ್ಲ. 'ಏನಂದ್ರು?' ಎಂದೆ.

ಶೈಲಾ ನನ್ನನ್ನೇ ನೋಡುತ್ತಿದ್ದಳು. 'ನಂಗೆ ಕೇಳಿಸ್ತಿದೆ ಕಣ್ರೀ' ಎಂದಳು.

'ಏನು?'

ಸಿಂಚನಾ ಬಂದು ಅಮ್ಮನ ಎದೆಯ ಹತ್ತಿರ ತಲೆ ಇಟ್ಟಳು. ಆಮೇಲೆ ನನ್ನ ಮುಖದ ಮುಂದೆ ನಿಂತು ಗಟ್ಟಿಯಾಗಿ, 'ಅಪ್ಪಾ, ಇಟ್ಸ್ ಸೂಪರ್ ಲೌಡ್. ಇಟ್ಸ್ ಯುವರ್ ಇಯರ್ಸ್!' ಎಂದು ಕಿರುಚಿದಳು.

ನೆಗಡಿಗೆ ನನ್ನ ಎರಡೂ ಕಿವಿ ಕಟ್ಟಿದ್ದವು. ಬೆಳಿಗ್ಗೆಯಿಂದ ಮನೆಯವರೆಲ್ಲ ಯಾಕೆ ಪಿಸುಗುಡುತ್ತಿದ್ದಾರೆ ಎಂದು ನಾನು ಯೋಚಿಸುತ್ತಿದ್ದೆ. ಶೈಲಾ ದಿಂಬನ್ನು ಎರಡೂ ಕೈಯಲ್ಲಿ ಅವಚಿಕೊಂಡು ಕುಲುಕುಲು ಅಲುಗುತ್ತ ನಗತೊಡಗಿದಳು. ಅಯ್ಯೋ, ಅಮ್ಮಾ, ಎನ್ನುತ್ತಲೇ ನಕ್ಕಳು. ನಾನು ನೆಲದ ಮೇಲೆ ಕೂತು ಅತ್ತೆ. ಈ ಸಲ ನಗು ಅವಳ ಪಾಲು, ಅಳು ನನ್ನ ಪಾಲು. ಆದರೂ ಬೆಳಿಗ್ಗೆ ಬಂದು ತೋರಿಸಿ ಎಂದರು ನರ್ಸ್. ತೋರಿಸಿದೆವು. ಅಂಕಿ ಮೂರರ ಹತ್ತಿರಕ್ಕೆ ಏರಿತ್ತು, ಇಂಜೆಕ್ಷನ್ ನಿಲ್ಲಿಸಿದರು.

ವಾಪಸು ಬರುವಾಗ ಶೈಲಾ, 'ಗಾಯತ್ರಿಯಕ್ಕನ ಮನೆ ಮುಂದೆ ನಿಲ್ಲಿಸಿ' ಎಂದಳು.

ಬಾಗಿಲು ತೆರೆದ ಗಾಯತ್ರಿಯಕ್ಕನ ಮುಖ ಬಿಗಿದೇ ಇತ್ತು. ಶೈಲಾ ಸ್ವೆಟರಿನ ಕುತ್ತಿಗೆ ಕೆಳಗೆಳೆದು ಗಾಯದ ಮೇಲಿನ ತುದಿ ತೋರಿಸಿದಳು. ಆಮೇಲೆ ಎಲ್ಲ ಹೇಳಿದಳು, ಆರನೆಯ ಕ್ಲಾಸಿನ ಜ್ವರದಿಂದ ಹಿಡಿದು ಬಸ್ಸಾರಿನವರೆಗೆ. ಗಾಯತ್ರಿಯಕ್ಕ ಕೇಳುತ್ತ ಕೇಳುತ್ತ ಸೋಫಾದ ಮೇಲೆ ಕುಸಿದರು.

'ನಮ್ಗೆ ಹೇಳೋಕೆ ಏನಾಗಿತ್ತೇ ನಿಂಗೆ? ನನ್ನ ಕೈಯಾರೆ ನಿನ್ನ ಕೊಲ್ಲಿಸ್ಬಿಡ್ತಿದ್ಯಲ್ಲೇ!' ಎಂದು ಬೈದರು. ಬೈದು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. 'ಹೋದ ವರ್ಷ ನಮ್ಮನೆಯವ್ರು ಒಂದು ತಿಂಗಳು ಇಂಡಿಯಾಗೆ ಹೋಗಿದ್ರಲ್ಲ. ಎಲ್ಲಿಗೂ ಹೋಗಿರ್ಲಿಲ್ಲ. ಮೇಲಿನ ರೂಮಲ್ಲೇ ಇದ್ರು. ಸ್ಟೆಂಟ್ ಹಾಕಿದ್ರು.'

'ಮತ್ತೆ ಮೈಸೂರ್ ಪಾಕ್ ತಂದಿದೀವಿ ಅಂತ ಕೊಟ್ರಲ್ಲ?' ಎಂದೆ.

'ಇಲ್ಲೇ ಅಂಗಡೀದು' ಎಂದರು ಗಾಯತ್ರಿಯಕ್ಕ.

ಆ ರಾತ್ರಿ ಶೈಲಾ ಕುರ್ಚಿ ಬೇಡ, ಮಂಚದ ಮೇಲೆ ಮಲಗಿ ನೋಡುತ್ತೇನೆ ಎಂದಳು. ಮೂರು ದಿಂಬು ಜೋಡಿಸಿದೆ. ಒಂದನ್ನು ತೆಗೆಯಿರಿ ಎಂದಳು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತೆಗೆಯಿರಿ ಎಂದಳು. ಉಸಿರು ಕಟ್ಟಲಿಲ್ಲ. ಟಿಕ್ ಟಿಕ್ ನನ್ನ ಕಿವಿಗೆ ಮಸುಕಾಗಿ ಕೇಳುತ್ತಿತ್ತು. ಎಣಿಸೋಣ ಎಂದು ಶುರು ಮಾಡಿದೆ. ನಲವತ್ತರ ತನಕ ಎಣಿಸಿದ್ದು ನೆನಪಿದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಸಿಯಾಟಲಿನ ಆ ಬೂದು ಬೆಳಕು. ಬಾಗಿಲಲ್ಲಿ ಸಿಂಚನಾ, ಬೆನ್ನಿಗೆ ಬ್ಯಾಗು, ಮುಖ ದಪ್ಪ. 'ಐ ಮಿಸ್ಡ್ ದ ಬಸ್. ಯು ಗಯ್ಸ್ ಓವರ್‌ಸ್ಲೆಪ್ಟ್' ಎಂದಳು. ಎಂಟೂ ಹತ್ತು. ಆ ಮಂಗಳವಾರದ ಬೆಳಿಗ್ಗೆ, ಎಷ್ಟೋ ವಾರಗಳ ನಂತರ, ನಾವಿಬ್ಬರೂ ಒಂದು ಸಲವೂ ಏಳದೆ ರಾತ್ರಿ ಕಳೆದಿದ್ದೆವು. ಪಕ್ಕದಲ್ಲಿ ಶೈಲಾ ಒಂದೇ ದಿಂಬಿನ ಮೇಲೆ ಬಾಯಿ ತೆರೆದು ಇನ್ನೂ ನಿದ್ದೆಯಲ್ಲಿದ್ದಳು, ಸದ್ದು ಮಾಡುತ್ತ. ಕೆಂಪು ದಿಂಬು ಎಲ್ಲಿ ಎಂದು ಗಾಬರಿಯಲ್ಲಿ ತಡಕಿದೆ. ಅದನ್ನು ನಾನು ಅಪ್ಪಿಕೊಂಡಿದ್ದೆ.